ಹೆಸರು ಓದಿ ‘ಬೇರೆ ಕಡೆ ಹೋಗಿ’ ಅಂದರೆ ಕಾನೂನು ಏನು ಮಾಡುತ್ತದೆ?

ಪ್ರಶ್ನೆ: ನಮ್ಮ ಅತ್ತಿಗೆಗೆ ಇದು ಎರಡನೇ ಹೆರಿಗೆ. ಐದು ತಿಂಗಳಿಂದ ಒಂದೇ ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ತೋರಿಸುತ್ತಿದ್ದೆವು. ಹೋದ ತಿಂಗಳು ಹೊಸ ಡಾಕ್ಟರ್ ಬಂದರು. ತಾಯಿ ಕಾರ್ಡ್‌ನಲ್ಲಿ ಹೆಸರು ಓದಿ, “ನಿಮ್ಮವರನ್ನು ನೋಡುವ ಆಸ್ಪತ್ರೆಗಳು ಬೇಕಾದಷ್ಟಿವೆ, ಅಲ್ಲಿಗೆ ಹೋಗಿ” ಅಂದರು. ನಾವು ಮುಸ್ಲಿಮರು. ಸಂವಿಧಾನದಲ್ಲಿ ಸಮಾನತೆ ಇದೆ ಅಂತಾರೆ. ಅದರಡಿ ಕೇಸ್ ಹಾಕಬಹುದಾ?

ಉತ್ತರ: ಬೇಸರದ ವಿಷಯ ಮೊದಲೇ ಹೇಳಿಬಿಡುತ್ತೇನೆ. ನೇರವಾಗಿ ಹಾಕುವುದು ಕಷ್ಟ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ನೋಡಿ ಭೇದ ಮಾಡಬಾರದು ಅಂತ ಸಂವಿಧಾನದ 15(1)ನೇ ವಿಧಿ ಹೇಳುವುದು ನಿಜ. ಆದರೆ ಅದು ಹೇಳುವುದು ಸರ್ಕಾರಕ್ಕೆ. ಇದೇ ಮಾತು ಸರ್ಕಾರಿ ಆಸ್ಪತ್ರೆಯಲ್ಲಿ ಬಂದಿದ್ದರೆ ಹೈಕೋರ್ಟ್‌ಗೆ ರಿಟ್ ಅರ್ಜಿ ಹಾಕಬಹುದಿತ್ತು. ಖಾಸಗಿಯವರಿಗೂ ತಟ್ಟುವ ಪಟ್ಟಿಯೊಂದು 15(2)ರಲ್ಲಿದೆ: ಅಂಗಡಿ, ಹೋಟೆಲ್, ಬಾವಿ, ಕೆರೆ ಹೀಗೆ. ಆಸ್ಪತ್ರೆ ಅನ್ನುವ ಪದ ಅದರಲ್ಲಿಲ್ಲ. ‘ಅಂಗಡಿ’ ಅನ್ನುವುದಕ್ಕೆ ವಿಶಾಲ ಅರ್ಥ ಕೊಡಬೇಕು ಅಂತ 2011ರಲ್ಲಿ ಖಾಸಗಿ ವೈದ್ಯಕೀಯ ಕಾಲೇಜೊಂದರ ಪ್ರವೇಶದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಹಾಗಾಗಿ ವಾದ ಮಾಡಲು ಜಾಗವಂತೂ ಇದೆ. ಆದರೆ ಅದು ನನ್ನಂಥ ವಕೀಲರಿಗೆ ಇಷ್ಟವಾಗುವ ವಾದ. ತುಂಬು ಗರ್ಭಿಣಿ ಇರುವ ಮನೆಗೆ ಅಷ್ಟು ಪುರುಸೊತ್ತು ಎಲ್ಲಿರುತ್ತದೆ?

ಅದಕ್ಕೇ ನಾನಾದರೆ ದೂರನ್ನು ತಿರುಗಿಸಿ ಬರೆಯುತ್ತೇನೆ. “ಧರ್ಮ ನೋಡಿ ಅವಮಾನ ಮಾಡಿದರು” ಅನ್ನುವುದು ಎರಡನೇ ಸಾಲು. “ಐದು ತಿಂಗಳು ನೋಡಿದ ರೋಗಿಯನ್ನು ನಡುದಾರಿಯಲ್ಲಿ ಕೈಬಿಟ್ಟರು” ಅನ್ನುವುದು ಮೊದಲನೇ ಸಾಲು. ವೈದ್ಯರ ನಡವಳಿಕೆಗೆ 2002ರ ನಿಯಮಾವಳಿ ಇದೆ. ತುರ್ತು ಇಲ್ಲದಿದ್ದಾಗ ಯಾರನ್ನು ನೋಡಬೇಕು ಅನ್ನುವುದು ವೈದ್ಯರ ಆಯ್ಕೆ ಅಂತ ಅದೇ ನಿಯಮ ಒಪ್ಪುತ್ತದೆ. ಆದರೆ ಒಮ್ಮೆ ಕೇಸ್ ಕೈಗೆತ್ತಿಕೊಂಡ ಮೇಲೆ ರೋಗಿಯನ್ನು ಕಡೆಗಣಿಸುವಂತಿಲ್ಲ, ಸಾಕಷ್ಟು ಮೊದಲೇ ತಿಳಿಸದೆ ಕೈಬಿಡುವಂತಿಲ್ಲ. “ಆ ಡಾಕ್ಟರ್ ಹೊಸಬರು, ಅವರು ಕೈಗೆತ್ತಿಕೊಂಡಿರಲಿಲ್ಲ” ಅಂತ ನರ್ಸಿಂಗ್ ಹೋಮ್‌ನವರು ಹೇಳಬಹುದು. ಹಳೆಯ ಚೀಟಿಗಳೆಲ್ಲ ನರ್ಸಿಂಗ್ ಹೋಮ್ ಹೆಸರಲ್ಲೇ ಇವೆಯಲ್ಲ, ಅದನ್ನೇ ತೋರಿಸಿ. ಇನ್ನು, “ನನ್ನ ಕರ್ತವ್ಯಕ್ಕೂ ರೋಗಿಗೂ ನಡುವೆ ಧರ್ಮ, ರಾಷ್ಟ್ರೀಯತೆ, ಜನಾಂಗ, ಪಕ್ಷ ರಾಜಕೀಯ, ಸಾಮಾಜಿಕ ಸ್ಥಾನಮಾನ ಅಡ್ಡ ಬರಲು ಬಿಡುವುದಿಲ್ಲ” ಅನ್ನುವ ವೈದ್ಯರ ಘೋಷಣೆಯೂ ಆ ನಿಯಮಾವಳಿಯಲ್ಲೇ ಇದೆ. ವೈದ್ಯರು ನೋಂದಣಿ ಆಗುವಾಗ ಒಪ್ಪಿಕೊಂಡ ಮಾತು ಅದು. ಧರ್ಮದ ವಿಷಯ ದೂರಿನೊಳಗೆ ಬರಬೇಕಾದ್ದು ಈ ಬಾಗಿಲಿನಿಂದ. ಈ ದೂರು ರಾಜ್ಯ ವೈದ್ಯಕೀಯ ಪರಿಷತ್ತಿಗೆ ಹೋಗುತ್ತದೆ.

ಇನ್ನೊಂದು ದಾರಿ ಗ್ರಾಹಕ ಆಯೋಗ. ಹಣ ಕೊಟ್ಟು ಪಡೆಯುವ ಚಿಕಿತ್ಸೆ ‘ಸೇವೆ’ಯೇ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪು ಕೊಟ್ಟಿದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ನೀವು ಐದು ತಿಂಗಳು ಫೀಸು ಕಟ್ಟಿದ್ದೀರಿ, ರಸೀದಿಗಳಿದ್ದರೆ ಒಂದನ್ನೂ ಬಿಸಾಡಬೇಡಿ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯೂ ಇದೆ. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಬರೆಯಿರಿ. ಲೈಸೆನ್ಸ್ ಕೊಡುವವರ ಕಚೇರಿಯಿಂದ ಬಂದ ಒಂದು ಪತ್ರಕ್ಕೆ ಎಷ್ಟೋ ಸಲ ಕೋರ್ಟ್ ನೋಟಿಸ್‌ಗಿಂತ ಬೇಗ ಉತ್ತರ ಬರುತ್ತದೆ.

ಎಲ್ಲಕ್ಕಿಂತ ಮೊದಲು ಚಿಕಿತ್ಸೆಯ ದಾಖಲೆಗಳನ್ನು ಲಿಖಿತವಾಗಿ ಕೇಳಿ. 72 ಗಂಟೆಯೊಳಗೆ ಕೊಡಬೇಕು ಅಂತ ಅದೇ 2002ರ ನಿಯಮ ಹೇಳುತ್ತದೆ. ಹೊಸ ಆಸ್ಪತ್ರೆಗೂ ಅವು ಬೇಕು, ದೂರಿಗೂ ಬೇಕು. ಮತ್ತೆ ಒಂದು ವೇಳೆ ಹೆರಿಗೆ ನೋವು ಬಂದಾಗಲೋ ರಕ್ತಸ್ರಾವ ಆದಾಗಲೋ ಬಾಗಿಲಲ್ಲೇ ತಡೆದರೆ ಅದು ಬೇರೆಯೇ ಕೇಸು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಜೀವ ಉಳಿಸುವ ಚಿಕಿತ್ಸೆ ಕೊಡುವುದು ವೈದ್ಯರ ಕರ್ತವ್ಯ ಅಂತ ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲೇ ತೀರ್ಮಾನವಾಗಿದೆ. ಅಲ್ಲಿ ಯಾವ ಧರ್ಮ ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಪ್ರಶ್ನೆ: ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೇರೆಯವರಿಗೆ ಮಾತ್ರೆಯನ್ನು ಕೈಗೆ ಕೊಡುತ್ತಾರೆ. ನಮಗೆ ಕಿಟಕಿ ಕಟ್ಟೆಯ ಮೇಲಿಟ್ಟು ದೂರ ಸರಿಯುತ್ತಾರೆ. ಬಿಪಿ ನೋಡುವುದೂ ಕೊನೆಗೆ. ಬಾಯಿಬಿಟ್ಟು ಯಾರೂ ಏನೂ ಬೈದಿಲ್ಲ. ಸಾಕ್ಷಿ ಇಲ್ಲದೆ ದೂರು ನಿಲ್ಲುತ್ತದಾ? ನಾವು ಪರಿಶಿಷ್ಟ ಜಾತಿಯವರು. ಪಕ್ಕದ ಮನೆಯವರು ಕ್ರೈಸ್ತರಾಗಿದ್ದಾರೆ, ಅವರಿಗೂ ಹೀಗೇ ಆಗುತ್ತಿದೆ.

ಉತ್ತರ: ನಿಲ್ಲುತ್ತದೆ. ಮೇಲಿನ ಪ್ರಶ್ನೆಗೆ ಸುತ್ತಿ ಬಳಸಿ ಉತ್ತರ ಕೊಡಬೇಕಾಯಿತು, ಇಲ್ಲಿ ಕಾನೂನು ನೆಟ್ಟಗಿದೆ. ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ 1955ರ 5ನೇ ಕಲಂನಲ್ಲಿ ಆಸ್ಪತ್ರೆ, ಔಷಧಾಲಯ ಅಂತ ಹೆಸರು ಹಿಡಿದೇ ಬರೆದಿದೆ. ಒಳಗೆ ಬಿಡದಿರುವುದಷ್ಟೇ ಅಲ್ಲ, ಒಳಗೆ ಬಿಟ್ಟ ಮೇಲೆ ಭೇದ ಮಾಡುವುದೂ ಅಪರಾಧ. ಕಟ್ಟೆಯ ಮೇಲಿಟ್ಟ ಮಾತ್ರೆ ಇಲ್ಲಿಗೆ ಬರುತ್ತದೆ.

ಸಾಕ್ಷಿಯ ಚಿಂತೆ ನಿಮ್ಮದು, ಅಲ್ವಾ? ಅದೇ ಕಾಯ್ದೆಯ 12ನೇ ಕಲಂ ಓದಿ. ಇಂಥ ಕೃತ್ಯ ಪರಿಶಿಷ್ಟ ಜಾತಿಯವರ ಮೇಲೆ ನಡೆದಿದ್ದರೆ ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆದಿದೆ ಅಂತ ಕೋರ್ಟ್ ಭಾವಿಸಬೇಕು, ಅಲ್ಲ ಅಂತ ಸಾಬೀತು ಮಾಡುವ ಹೊರೆ ಎದುರಿನವರದು. ಅಂದರೆ ಅವರ ಮನಸ್ಸಿನಲ್ಲಿ ಏನಿತ್ತು ಅಂತ ನೀವು ತೋರಿಸಬೇಕಿಲ್ಲ. ಏನು ಮಾಡಿದರು ಅಂತ ತೋರಿಸಿದರೆ ಸಾಕು. ಯಾವ ದಿನ, ಎಷ್ಟು ಗಂಟೆಗೆ, ನಿಮ್ಮ ಹಿಂದೆ ಬಂದ ಯಾರಿಗೆ ಮೊದಲು ನೋಡಿದರು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ನಾಲ್ಕು ವಾರದ ಇಂಥ ಲೆಕ್ಕದ ಮುಂದೆ “ಅವತ್ತು ರಶ್ ಜಾಸ್ತಿ ಇತ್ತು” ಅನ್ನುವ ಉತ್ತರ ನಿಲ್ಲುವುದಿಲ್ಲ.

ಒಳಗೇ ಬಿಡದೆ ತಡೆದರೆ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ 1989 ಬರುತ್ತದೆ. ಅದರಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಅನ್ನುವ ಪದವೇ ಇದೆ. ಶಿಕ್ಷೆ ಆರು ತಿಂಗಳಿಂದ ಐದು ವರ್ಷ. ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಅಂತ 2018ರ ತಿದ್ದುಪಡಿ ಸ್ಪಷ್ಟ ಮಾಡಿದೆ. ಠಾಣೆಯಲ್ಲಿ “ವಿಚಾರಿಸಿ ನೋಡೋಣ, ನಾಳೆ ಬನ್ನಿ” ಅಂದರೆ ಈ ಮಾತು ನೆನಪಿಸಿ.

ಪಕ್ಕದ ಮನೆಯವರ ವಿಷಯ ಸ್ವಲ್ಪ ಸಿಕ್ಕು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಸ್ಥಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಹಾಗಾಗಿ ದೌರ್ಜನ್ಯ ತಡೆ ಕಾಯ್ದೆ ಅವರ ಕೈಗೆ ಸಿಗುವುದಿಲ್ಲ. (ಪರಿಶಿಷ್ಟ ಪಂಗಡಕ್ಕೆ ಈ ಧರ್ಮದ ಗೆರೆ ಇಲ್ಲ.) ಕಟ್ಟೆ ಅದೇ, ಮಾತ್ರೆ ಅದೇ, ಪ್ರಾರ್ಥನೆ ಬದಲಾಯಿತು ಅಂತ ಕಾನೂನು ಹಿಂದೆ ಸರಿಯುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ಆದರೆ 1955ರ ಕಾಯ್ದೆ ‘ಯಾವುದೇ ವ್ಯಕ್ತಿ’ ಅನ್ನುತ್ತದೆ, ಅಸ್ಪೃಶ್ಯತೆಯ ಕಾರಣ ಇದ್ದರೆ ಸಾಕು. 12ನೇ ಕಲಂನ ಅನುಕೂಲ ಮಾತ್ರ ಅವರಿಗಿಲ್ಲ, ಅವರು ಕಾರಣವನ್ನೂ ಸಾಬೀತು ಮಾಡಬೇಕು. ನಿಮ್ಮ ನೋಟ್‌ಬುಕ್‌ನಲ್ಲಿ ಅವರ ಸರದಿಯನ್ನೂ ಬರೆಯಿರಿ, ಇಬ್ಬರಿಗೂ ಒಂದೇ ರೀತಿ ನಡೆಯುತ್ತಿದೆ ಅನ್ನುವುದೇ ಅವರ ಸಾಕ್ಷಿ.

ಪ್ರಶ್ನೆ: ಅಮೆರಿಕದಲ್ಲಿದ್ದೇವೆ. ಊರಿಂದ ಬಂದ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದಾಗ ಅವರಿಗೆ ಇಂಗ್ಲಿಷ್ ಬರಲ್ಲ ಅಂತ ನನ್ನ ಹನ್ನೆರಡು ವರ್ಷದ ಮಗನಿಂದ ಎಲ್ಲ ಅನುವಾದ ಮಾಡಿಸಿದರು. ಅಮ್ಮನ ಹಣೆಯ ಕುಂಕುಮ ನೋಡಿ ನರ್ಸ್ ಏನೋ ನಗೆಯಾಡಿದರು. ಇದಕ್ಕೆಲ್ಲ ಅಲ್ಲಿ ಕಾನೂನು ಇಲ್ವಾ?

ಉತ್ತರ: ಮೊದಲನೆಯದಕ್ಕೆ ಇದೆ, ಗಟ್ಟಿಯಾಗಿಯೇ ಇದೆ. 1964ರ ನಾಗರಿಕ ಹಕ್ಕು ಕಾಯ್ದೆಯ ಆರನೇ ಭಾಗ, ಕೇಂದ್ರದ ಹಣ ಪಡೆಯುವ ಸಂಸ್ಥೆಗಳು ಜನಾಂಗ, ಬಣ್ಣ, ರಾಷ್ಟ್ರೀಯ ಮೂಲ ನೋಡಿ ಭೇದ ಮಾಡಬಾರದು ಅನ್ನುತ್ತದೆ. ಅಲ್ಲಿ ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರಿಗೆ ಇರುವ ಸರ್ಕಾರಿ ಆರೋಗ್ಯ ವಿಮೆ) ಹಣ ಮುಟ್ಟದ ಆಸ್ಪತ್ರೆ ಸಿಗುವುದೇ ಅಪರೂಪ. ಆ ಯೋಜನೆ 1966ರಲ್ಲಿ ಶುರುವಾದಾಗ, ಕಪ್ಪು ಜನರಿಗೆ ಬೇರೆ ವಾರ್ಡ್ ಇಟ್ಟಿದ್ದ ಸಾವಿರಕ್ಕೂ ಹೆಚ್ಚು ಆಸ್ಪತ್ರೆಗಳು ಕೆಲವೇ ತಿಂಗಳಲ್ಲಿ ಗೋಡೆ ತೆಗೆದವು, ಮನಸ್ಸು ಬದಲಾಗಿ ಅಲ್ಲ, ದುಡ್ಡು ನಿಂತುಹೋಗುತ್ತದೆ ಅಂತ. ರಾಷ್ಟ್ರೀಯ ಮೂಲ ಅಂದರೆ ಭಾಷೆಯೂ ಸೇರಿತು. ಹಾಗಾಗಿ ಉಚಿತ ದುಭಾಷಿ ನಿಮ್ಮ ಅಮ್ಮನ ಹಕ್ಕು. ಜೀವಕ್ಕೆ ತಕ್ಷಣದ ಅಪಾಯ ಇದ್ದು ಬೇರೆ ದುಭಾಷಿ ಸಿಗದಿದ್ದಾಗ ಬಿಟ್ಟರೆ, ಮಕ್ಕಳನ್ನು ನೆಚ್ಚಿಕೊಳ್ಳುವಂತಿಲ್ಲ. ಅಲ್ಲಿನ ಆರೋಗ್ಯ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ 180 ದಿನದೊಳಗೆ ದೂರು ಕೊಡಿ.

ಕುಂಕುಮದ ವಿಷಯಕ್ಕೆ ಬಂದರೆ, ಆ ಆರನೇ ಭಾಗದ ಪಟ್ಟಿಯಲ್ಲಿ ಧರ್ಮ ಇಲ್ಲ! 2010ರ ಆರೋಗ್ಯ ಕಾಯ್ದೆಯ 1557ನೇ ಕಲಂನಲ್ಲೂ ಇಲ್ಲ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳ ಕಾನೂನಿನಲ್ಲಿ ಇದೆ, ನಿಮ್ಮ ರಾಜ್ಯದ್ದನ್ನು ನೋಡಿ. ಯುರೋಪ್ ಒಕ್ಕೂಟದ್ದೂ ಇದೇ ಕತೆ: 2000ನೇ ಇಸವಿಯ ಜನಾಂಗ ಸಮಾನತೆಯ ನಿರ್ದೇಶನದೊಳಗೆ ಆರೋಗ್ಯ ಸೇವೆ ಬರುತ್ತದೆ, ಧರ್ಮದ ನಿರ್ದೇಶನ ಮಾತ್ರ ಉದ್ಯೋಗಕ್ಕೇ ನಿಂತುಬಿಟ್ಟಿದೆ. ಇವೆರಡಕ್ಕಿಂತ ಬ್ರಿಟನ್ನೇ ಎಷ್ಟೋ ವಾಸಿ. 2010ರ ಸಮಾನತೆ ಕಾಯ್ದೆಯಲ್ಲಿ ಜನಾಂಗವೂ ಇದೆ, ಧರ್ಮವೂ ಇದೆ, ಸೇವೆ ಕೊಡುವ ಎಲ್ಲರಿಗೂ ಅನ್ವಯ. ಆದರೆ ಕೋರ್ಟ್‌ಗೆ ಹೋಗಲು ಆರು ತಿಂಗಳಿಗೆ ಒಂದು ದಿನ ಕಮ್ಮಿ ಅಷ್ಟೇ ಗಡುವು.

ನಿಮ್ಮ ದೂರಿನಲ್ಲಿ ಕುಂಕುಮದ ಮಾತನ್ನು ಬಿಡಬೇಡಿ. ‘ಧರ್ಮ’ ಅಂತ ಬರೆಯುವ ಬದಲು, ಭಾರತೀಯ ಮೂಲದ ಹೆಂಗಸನ್ನು ನೋಡಿ ನಕ್ಕರು ಅಂತ ಬರೆಯಿರಿ. ನಡೆದದ್ದೂ ಅದೇ ತಾನೇ.

ಪ್ರಶ್ನೆ: ನಮ್ಮ ಜಾತಿಯ ಡಾಕ್ಟರೇ ಬೇಕು ಅಂತ ಕೇಳುವುದು ರೋಗಿಯ ಹಕ್ಕಾ?

ಉತ್ತರ: ಡಾಕ್ಟರನ್ನು ಬದಲಾಯಿಸಿಕೊಳ್ಳಬಹುದು, ಬೇರೆ ಆಸ್ಪತ್ರೆಗೂ ಹೋಗಬಹುದು. ಪರೀಕ್ಷೆಗೆ ಮಹಿಳಾ ವೈದ್ಯರು ಬೇಕು ಅಂತ ಕೇಳುವುದೂ ತಪ್ಪಲ್ಲ. ಆದರೆ ಜಾತಿ ನೋಡಿ ಡ್ಯೂಟಿ ಹಾಕಿ ಅಂತ ಆಸ್ಪತ್ರೆಯನ್ನು ಒತ್ತಾಯಿಸುವ ಹಕ್ಕು ಯಾವ ಕಾನೂನಿನಲ್ಲೂ ಇಲ್ಲ. ಪರಿಶಿಷ್ಟ ಸಮುದಾಯದ ವೈದ್ಯರ ಎದುರು, ಜನರ ಮಧ್ಯೆ, ಜಾತಿ ಎತ್ತಿ ಆಡಿದರೆ ಮೇಲೆ ಹೇಳಿದ 1989ರ ಕಾಯ್ದೆಯಡಿ ಕೇಸ್ ಬೀಳುವುದು ನಿಮ್ಮ ಮೇಲೇ.