ಡೆಂಗಿ ನೆಗೆಟಿವ್, ಪ್ಲೇಟ್‌ಲೆಟ್ 38,000: ಮುಂದೇನು?

ಕೋಲಾರದಲ್ಲಿ ಅಡ್ಮಿಟ್ ಆಗಿರುವ ನಿಮ್ಮ ತಂದೆಗೆ ಏಳು ದಿನದಿಂದ ಜ್ವರ, ಡೆಂಗಿಯ ಎನ್‌ಎಸ್1 ಪರೀಕ್ಷೆ ನೆಗೆಟಿವ್, ಪ್ಲೇಟ್‌ಲೆಟ್ 38,000. ಪ್ಲೇಟ್‌ಲೆಟ್ ಹಾಕಿಸಬೇಕೇ ಎಂದು ಕೇಳಿದ್ದೀರಿ. ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ 10,000ಕ್ಕಿಂತ ಕೆಳಗಿಳಿಯುವ ತನಕ ಹಾಕುವುದಿಲ್ಲ. ದಾನಿಗಳಿಗಾಗಿ ಓಡಾಡುವ ಬದಲು ಕಾರಣ ಹುಡುಕಿಸಿ.

ಎನ್‌ಎಸ್1 ಅಂದರೆ ಡೆಂಗಿ ವೈರಸ್ಸಿನ ಪ್ರೋಟೀನ್; ಅದು ಜ್ವರದ ಮೊದಲ ಐದು ದಿನ ಚೆನ್ನಾಗಿ ಸಿಗುತ್ತದೆ, ಈಗ ಡೆಂಗಿಯ ಐಜಿಎಂ (ಪ್ರತಿಕಾಯ) ಪರೀಕ್ಷೆ ಮಾಡಿಸಬೇಕು. ಮಲೇರಿಯಾ, ಇಲಿಜ್ವರದ ಪರೀಕ್ಷೆಯೂ ಆಗಲಿ.

ಹೊಲ, ತೋಟ, ಪೊದೆಗಳಲ್ಲಿ ಓಡಾಡುವವರಾದರೆ ನನಗೆ ಮೊದಲು ಅನುಮಾನ ಬರುವುದು ಸ್ಕ್ರಬ್ ಟೈಫಸ್ (ನುಸಿಮರಿ ಕಚ್ಚಿ ಬರುವ ಬ್ಯಾಕ್ಟೀರಿಯಾ ಜ್ವರ) ಮೇಲೆ. ನುಸಿಮರಿ ಕಚ್ಚಿದ ಜಾಗದಲ್ಲಿ ನೋವಿಲ್ಲದ ಕಪ್ಪು ಹಕ್ಕಳೆ ಕಟ್ಟಿರುತ್ತದೆ: ಕಂಕುಳು, ತೊಡೆಸಂದು, ಸೊಂಟದ ಸುತ್ತ. ಬಟ್ಟೆ ಸರಿಸಿ ನೋಡದಿದ್ದರೆ ಕಾಣುವುದೇ ಇಲ್ಲ. ಹಾಗಂತ, ಕಲೆ ಸಿಗಲಿಲ್ಲವೆಂದು ಕಾಯಿಲೆಯನ್ನು ತಳ್ಳಿಹಾಕುವಂತಿಲ್ಲ. ವಾರ್ಡುಗಳಲ್ಲಿ ಮಾಮೂಲಾಗಿ ಕೊಡುವ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಇದಕ್ಕೆ ನಾಟುವುದಿಲ್ಲ. ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೆ ಎರಡು ಸಲ ಬೇಕು. ಸಾಮಾನ್ಯವಾಗಿ 48 ಗಂಟೆಯೊಳಗೆ ಜ್ವರ ಇಳಿಯುತ್ತದೆ. ವರದಿಗಾಗಿ ಕಾಯದೆ ಇದನ್ನು ಶುರು ಮಾಡಬಹುದೇ ಎಂದು ಡಾಕ್ಟರನ್ನು ಇವತ್ತೇ ಕೇಳಿ.

ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ, ಪ್ಯಾರಾಸಿಟಮಾಲ್ ಸಾಕು. ಡೆಂಗಿಯಾಗಿದ್ದರೆ ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಅಪಾಯದ್ದು. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಕಪ್ಪು ಮಲ, ಮಂಪರು ಕಂಡರೆ ರೌಂಡ್ಸ್‌ಗೆ ಕಾಯದೆ ತಕ್ಷಣ ನರ್ಸ್‌ಗೆ ಹೇಳಿ.