ಇಸಾಪ್ ಶೇರಿಗೆ ಮನೆಯ ಮೆಣಸಿನ ದುಡ್ಡು ಹಾಕಬೇಡಿ

ನಿಮ್ಮ ಪ್ರಶ್ನೆ ಓದಿ, ಇದನ್ನು ನಾನೇ ಬರೆದಿದ್ದೆನಾ ಅನ್ನಿಸಿತು. ಬೆಂಗಳೂರಿನ ಸ್ಟಾರ್ಟಪ್ ಕೆಲಸ, ವಿರಾಜಪೇಟೆ ಕಡೆಯ ಮನೆ, ಕೈಗೆ ಬಂದಿರುವ ಇಸಾಪ್ ಆಪ್ಷನ್ (ಕಂಪನಿಯ ಶೇರನ್ನು ಮೊದಲೇ ಗೊತ್ತು ಮಾಡಿದ ಬೆಲೆಗೆ ಕೊಳ್ಳೋಕೆ ನೌಕರರಿಗೆ ಕೊಡೋ ಹಕ್ಕು), ಕಂಪನಿ ಬೆಲೆ ಮೂರು ಪಟ್ಟು ಆಯಿತು ಅನ್ನೋ ಸುದ್ದಿ. ದುಡ್ಡು ಸಾಲದಿದ್ದರೆ ಕಾಳುಮೆಣಸು ಮಾರಿದ ದುಡ್ಡು ಅಪ್ಪನ ಹತ್ತಿರ ಇದೆ ಅನ್ನೋ ಧೈರ್ಯ ಬೇರೆ. ಶೇರು ತಗೊಂಡು ಹತ್ತು ವರ್ಷ ಇಡಲಾ, ವ್ಯಾಲ್ಯುಯೇಷನ್, ಅಂದರೆ ಕಂಪನಿಗೆ ಬೆಲೆ ಕಟ್ಟೋದು, ಕಲಿಯೋಕೆ ಯಾವ ಕೋರ್ಸ್ ಒಳ್ಳೆಯದು ಅಂತ ಕೇಳಿದ್ದೀರಿ.

ಕೋರ್ಸ್ ನಾನು ಮಾಡಿದ್ದೆ. ಸರ್ಟಿಫಿಕೇಟೂ ಇದೆ. ಮುಂದಿನ ವರ್ಷಗಳ ಆದಾಯ ಊಹಿಸಿ, ಅದನ್ನು ಇವತ್ತಿನ ಬೆಲೆಗೆ ಇಳಿಸಿ ಲೆಕ್ಕ ಹಾಕೋ ಡಿಸಿಎಫ್ ಕಲಿತೆ. ಎಕ್ಸೆಲ್ ಶೀಟಿನಲ್ಲಿ ಬೆಳವಣಿಗೆ ಶೇಕಡಾ 25 ಅಂತ ಹಾಕಿದರೆ ನಮ್ಮ ಕಂಪನಿ ದುಬಾರಿ ಅಂತ ಬರ್ತಿತ್ತು. 40 ಹಾಕಿದೆ, ಅಗ್ಗ ಅಂತ ಬಂತು. 40 ಇಟ್ಟುಕೊಂಡೆ. ದಿನವೂ ಅದೇ ಕಂಪನಿಯ ಪೇಮೆಂಟ್ ಕೋಡ್ ಬರೆಯೋನು ನಾನು, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅನ್ನೋ ಹಮ್ಮು. ಕೋಡ್ ಗೊತ್ತಿತ್ತು. ಕಂಪನಿಯ ದುಡ್ಡು ಯಾರದ್ದು ಅನ್ನೋದು ಗೊತ್ತಿರಲಿಲ್ಲ.

ನಮ್ಮದು ಸೋಮವಾರಪೇಟೆ ಕಡೆ. ಅರೇಬಿಕಾ ಕಾಫಿ ತೋಟ, ಮಧ್ಯೆ ಮೆಣಸು. ನಾನು ಕೆಲಸ ಬಿಟ್ಟಾಗ 4,000 ಆಪ್ಷನ್ ಇತ್ತು. ಬಿಟ್ಟ ಮೇಲೆ ಮೂರು ತಿಂಗಳೊಳಗೆ ಶೇರಾಗಿ ಕೊಂಡುಕೊಳ್ಳಬೇಕು, ಇಲ್ಲದಿದ್ದರೆ ಹೋಯಿತು, ಅದು ಕಂಪನಿಯ ನಿಯಮ. ಕೊಳ್ಳುವ ಬೆಲೆ ಶೇರಿಗೆ 10 ರೂಪಾಯಿ. ಕೊನೆಯ ಸಲ ಇನ್ವೆಸ್ಟರ್‌ಗಳು ಕೊಟ್ಟಿದ್ದು 700 ರೂಪಾಯಿ. ಆ್ಯಪ್ ತೆರೆದರೆ ಹಸಿರು ಅಕ್ಷರದಲ್ಲಿ 28 ಲಕ್ಷ ಅಂತ ತೋರಿಸ್ತಿತ್ತು. 40 ಸಾವಿರಕ್ಕೆ 28 ಲಕ್ಷ! ಯಾರು ಬಿಡ್ತಾರೆ?

ತೆರಿಗೆ ಇದೆ ಅಂತ ಆಮೇಲೆ ಗೊತ್ತಾಯಿತು. ಶೇರು ಮಾರದೇ ಇದ್ದರೂ, ಕೊಂಡ ದಿನವೇ ಅದು ಸಂಬಳದ ಲೆಕ್ಕಕ್ಕೆ ಬರುತ್ತೆ. ಶೇರು ಮಾರುಕಟ್ಟೆಯಲ್ಲಿ ಲಿಸ್ಟ್ ಆಗದ ಕಂಪನಿಯಾದರೆ ಮರ್ಚೆಂಟ್ ಬ್ಯಾಂಕರ್ ಒಬ್ಬರು ಶೇರಿನ ಬೆಲೆ ಕಟ್ಟಿ ವರದಿ ಕೊಡಬೇಕು. ನಮ್ಮದಕ್ಕೆ ಕಟ್ಟಿದ್ದು 510. ನನ್ನ 10 ಕಳೆದರೆ 500, ಅದು 4,000 ಶೇರಿಗೆ 20 ಲಕ್ಷ. ಶೇಕಡಾ 30ರ ಸ್ಲ್ಯಾಬ್, ಮೇಲೆ ಸೆಸ್, ಒಟ್ಟು 6 ಲಕ್ಷ 24 ಸಾವಿರ. ಈ ತೆರಿಗೆಯನ್ನು ಮುಂದೂಡೋ ಅವಕಾಶ 2020ರ ಬಜೆಟ್‌ನಲ್ಲಿ ಬಂತು. ಆದರೆ ಅದು ಅರ್ಹತೆ ಪತ್ರ ಇರುವ ಕೆಲವೇ ಸ್ಟಾರ್ಟಪ್‌ಗಳಿಗೆ, ಅದೂ ಕೆಲಸ ಬಿಟ್ಟರೆ ಅಲ್ಲಿಗೇ ಮುಗಿಯಿತು.

ಅಪ್ಪನಿಗೆ ಹೇಳಿದೆ. ಕಾಫಿ ಬೆಳೆದು ಹಾಗೇ ಮಾರುವವರಿಗೆ ಆದಾಯ ತೆರಿಗೆ ಇಲ್ಲ ಅಲ್ವಾ, ಹಾಗಾಗಿ ಅವರಿಗೆ ಇದು ತಲೆಗೇ ಹತ್ತಲಿಲ್ಲ. "ಕೈಗೆ ಬಾರದ ದುಡ್ಡಿಗೆ ಟ್ಯಾಕ್ಸಾ?" ಅಂದರು. ಅಷ್ಟೇ. ಆಮೇಲೆ "ನೀನು ಓದಿದವನು, ನಿನಗೆ ಗೊತ್ತಿರುತ್ತೆ" ಅಂತ ಚೆಕ್ ಬರೆದುಕೊಟ್ಟರು. ಕಾಫಿ ಒಣಗಿಸೋ ಕಣಕ್ಕೆ ಕಾಂಕ್ರೀಟ್ ಹಾಕಿಸೋಕೆ ಅಂತ ಇಟ್ಟಿದ್ದ ಮೆಣಸಿನ ದುಡ್ಡು ಅದು.

ಈಗ ತಪ್ಪು ಎಲ್ಲಾಯಿತು ಅನ್ನೋದನ್ನು ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಸಹಿಸಿಕೊಳ್ಳಿ. ಕಂಪನಿಯ ಬೆಲೆ 300 ಕೋಟಿ ಅಂತ ಪೇಪರಲ್ಲಿ ಬಂತು. ಅದರರ್ಥ ಯಾರೋ 300 ಕೋಟಿ ಕೊಟ್ಟರು ಅಂತಲ್ಲ. 30 ಕೋಟಿ ಕೊಟ್ಟು ಹತ್ತನೇ ಒಂದು ಪಾಲು ತಗೊಂಡರು. ಅದನ್ನು ಹತ್ತರಿಂದ ಗುಣಿಸಿದರು, 300 ಆಯಿತು. ಅವರು 700 ಕೊಟ್ಟು ತಗೊಂಡ ಶೇರೂ ನನ್ನ ಶೇರೂ ಒಂದೇ ಅಂತ ಒಪ್ಪಿದರೆ ಮಾತ್ರ ಆ ಗುಣಾಕಾರ ಸರಿ. ಒಂದೇ ಅಲ್ಲ. ಅವರದ್ದು ಪ್ರಿಫರೆನ್ಸ್ ಶೇರು. ಕಂಪನಿ ಮಾರಾಟವಾದರೆ ಮೊದಲು ಅವರು ಹಾಕಿದ ದುಡ್ಡು ಅವರಿಗೆ ವಾಪಸ್ ಹೋಗಬೇಕು, ಉಳಿದರೆ ನಮ್ಮಂಥವರಿಗೆ. ಇದಕ್ಕೆ ಲಿಕ್ವಿಡೇಷನ್ ಪ್ರಿಫರೆನ್ಸ್ ಅಂತಾರೆ.

ನಾಚಿಕೆಯಾಗೋದು ಇದಕ್ಕೆ. ಅದರ ಹಿಂದಿನ ವರ್ಷವೇ ನಮ್ಮ ಪಕ್ಕದ ಎರಡು ಎಕರೆ ತೋಟ ಮಾರಾಟಕ್ಕೆ ಬಂದಿತ್ತು. ನಾನೇ ನಾಡಕಚೇರಿಗೆ ಹೋಗಿ ಪಹಣಿ ತೆಗೆಸಿದೆ. ಗಿಡ ನೋಡೋಕೂ ಮೊದಲು ಸಾಲ, ಋಣ ಬರೆದಿರೋ 11ನೇ ಕಾಲಂ ನೋಡಿದೆ. ಬ್ಯಾಂಕಿನ ಸಾಲ ಕೂತಿತ್ತು. ಮೊದಲು ಸಾಲ ತೀರಿಸಿ, ಆಮೇಲೆ ಮಾತಾಡೋಣ ಅಂದುಬಿಟ್ಟೆ. ಕಂಪನಿಗೂ ಅಂಥದ್ದೇ ಒಂದು 11ನೇ ಕಾಲಂ ಇರುತ್ತೆ ಅಂತ ಹೊಳೆಯಲೇ ಇಲ್ಲ. ಕಂಪನಿ ದುಡ್ಡು ಎತ್ತಿದ ಎಲ್ಲ ಸುತ್ತುಗಳೂ ಸೇರಿ ಇನ್ವೆಸ್ಟರ್‌ಗಳು ಹಾಕಿದ್ದು 65 ಕೋಟಿ. ಕೊನೆಗೆ ಕಂಪನಿ ಇನ್ನೊಬ್ಬರಿಗೆ ಹೋಗಿದ್ದು 40 ಕೋಟಿಗೆ. 40ರಲ್ಲಿ 65 ತೀರಿಸಿ ಉಳಿಯೋದು ಎಷ್ಟು? ನನಗೆ ಬಂದಿದ್ದೂ ಅಷ್ಟೇ.

ಸುಳಿವು ಕಣ್ಣೆದುರೇ ಇತ್ತು. ಇನ್ವೆಸ್ಟರ್ ಬೆಲೆ 700, ಮರ್ಚೆಂಟ್ ಬ್ಯಾಂಕರ್ ನನ್ನ ಶೇರಿಗೆ ಕಟ್ಟಿದ್ದು 510. ಯಾಕೆ ಕಮ್ಮಿ ಅಂತ ಕೇಳಬೇಕಿತ್ತು. ನಾನು ಟ್ಯಾಕ್ಸ್ ಕಮ್ಮಿ ಆಯಿತು ಅಂತ ಖುಷಿಪಟ್ಟೆ.

ಕಟ್ಟಿದ ತೆರಿಗೆ ವಾಪಸ್ ಬರೋದಿಲ್ಲ. ಆಗಿದ್ದು ಕ್ಯಾಪಿಟಲ್ ಲಾಸ್. ಅದನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ಶೇರಿನಂಥ ಆಸ್ತಿ ಮಾರಿ ಲಾಭ ಬಂದರೆ ಮಾತ್ರ ಅದಕ್ಕೆ ಹೊಂದಿಸಬಹುದು. ಸಂಬಳದಲ್ಲಿ ಕಳೆಯೋಕೆ ಬರಲ್ಲ. ಆ ವರ್ಷ ಅರೇಬಿಕಾ ಕೊಯ್ಲಿನ ಹೊತ್ತಿಗೇ ಮಳೆ ಹಿಡಿಯಿತು. ಹಳೇ ಮಣ್ಣಿನ ಕಣದಲ್ಲಿ ಟಾರ್ಪಾಲು ಹೊದಿಸೋದು, ಬಿಸಿಲು ಬಂದರೆ ತೆಗೆಯೋದು, ಮೋಡ ಬಂದರೆ ಮತ್ತೆ ಓಡೋದು. ಪಾರ್ಚ್‌ಮೆಂಟ್‌ಗೆ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸೋ ಕಾಫಿ ಬೀಜ) ಬೂಷ್ಟಿನ ವಾಸನೆ ಬಂತು, ವ್ಯಾಪಾರಿ ರೇಟು ಕಡಿಮೆ ಮಾಡಿದ. ಅಪ್ಪ ಏನೂ ಅನ್ನಲಿಲ್ಲ. ಅವ್ವ ಅಂದರು, ಬೇಕಾದಷ್ಟು.

ನಿಮ್ಮ ಇನ್ನೊಂದು ಮಾತು ನಾನು ಒಪ್ಪಲ್ಲ. ಟೆಕ್ನಾಲಜಿ ಬೆಳೀತಾನೇ ಇರುತ್ತೆ, ಹತ್ತು ವರ್ಷ ಇಟ್ಟರೆ ನಷ್ಟ ಆಗಲ್ಲ ಅಂದಿದ್ದೀರಿ. 1993ರಲ್ಲಿ 95 ರೂಪಾಯಿಗೆ ಬಂದ ಇನ್ಫೋಸಿಸ್ ಶೇರಿನ ಕಥೆ ಎಲ್ಲರೂ ಹೇಳ್ತಾರೆ. ಅವತ್ತು ಅದು ಪೂರ್ತಿ ಬಿಕರಿಯಾಗಿರಲಿಲ್ಲ, ಅದನ್ನು ಹೇಳೋರು ಕಮ್ಮಿ. ಇಂಟರ್ನೆಟ್‌ಗೆ ಬೇಕಾದ ಉಪಕರಣ ಮಾಡೋ ಅಮೆರಿಕದ ಸಿಸ್ಕೋ ಕಥೆಯಂತೂ ಯಾರೂ ಹೇಳಲ್ಲ. 2000ದ ಮಾರ್ಚ್‌ನಲ್ಲಿ ಜಗತ್ತಿನ ಅತಿ ಬೆಲೆಬಾಳುವ ಕಂಪನಿ ಅದು. ಇಂಟರ್ನೆಟ್ ಬೆಳೆಯುತ್ತೆ ಅಂದವರ ಮಾತು ನಿಜವಾಯಿತು, ಕಂಪನಿಯ ವಹಿವಾಟು ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ಆದರೆ ಶೇರು ಎರಡೂವರೆ ವರ್ಷದಲ್ಲಿ ಶೇಕಡಾ 80ಕ್ಕೂ ಹೆಚ್ಚು ಬಿತ್ತು. ಹಳೇ ಬೆಲೆ ಮುಟ್ಟೋಕೆ ಇಪ್ಪತ್ತು ವರ್ಷವೂ ಸಾಲಲಿಲ್ಲ. ಕಂಪನಿ ಒಳ್ಳೆಯದೇ, ಕೊಟ್ಟ ಬೆಲೆ ಜಾಸ್ತಿ. ಅಲ್ಲದೆ ನಿಮ್ಮ ಸಂಬಳ ಬರೋದೇ ಟೆಕ್‌ನಿಂದ. ಉಳಿತಾಯವನ್ನೂ ಅಲ್ಲೇ ಹಾಕಿದರೆ, ಕೆಲಸ ಹೋದ ವರ್ಷವೇ ಶೇರೂ ಬಿದ್ದಿರುತ್ತೆ. ನಾನೀಗ ತಿಂಗಳು ತಿಂಗಳು ಇಂಡೆಕ್ಸ್ ಫಂಡಿಗೆ (ಸೂಚ್ಯಂಕದಲ್ಲಿರೋ ಎಲ್ಲ ಕಂಪನಿಗಳ ಶೇರಿಗೂ ದುಡ್ಡು ಹಂಚೋ ಫಂಡು) ಹಾಕಿ ಸುಮ್ನೆ ಇರ್ತೀನಿ. ಬೋರಿಂಗ್ ಅನ್ನಿಸಿದರೆ ಅನ್ನಿಸಲಿ.

ಕಲಿಯೋದಾದರೆ ಕೋರ್ಸ್ ಬಿಡಿ, ನೂರು ರೂಪಾಯಿ ಖರ್ಚು ಮಾಡಿ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಎಂಸಿಎ ಪೋರ್ಟಲ್‌ನಲ್ಲಿ ಯಾವುದೇ ಕಂಪನಿಯ ಸಾರ್ವಜನಿಕ ದಾಖಲೆ ನೋಡೋಕೆ ಅಷ್ಟೇ ಫೀಸು. ನಿಮ್ಮ ಕಂಪನಿಯ ಹೆಸರು ಹಾಕಿ, ಆರ್ಟಿಕಲ್ಸ್ ಆಫ್ ಅಸೋಸಿಯೇಷನ್, ಅಂದರೆ ಕಂಪನಿಯ ಒಳನಿಯಮಗಳ ದಾಖಲೆ, ಇಳಿಸಿಕೊಳ್ಳಿ. ನೂರಾರು ಪುಟ ಇರಬಹುದು, ಎಲ್ಲ ಓದಬೇಡಿ, ಲಿಕ್ವಿಡೇಷನ್ ಅನ್ನೋ ಪದ ಹುಡುಕಿ. ಹಾಕಿದ ದುಡ್ಡಿನ ಒಂದು ಪಟ್ಟು ಮೊದಲು ವಾಪಸ್ಸಾ, ಎರಡು ಪಟ್ಟಾ, ತಗೊಂಡ ಮೇಲೂ ಉಳಿದಿದ್ದರಲ್ಲಿ ಪಾಲು ಇದೆಯಾ ಅಂತ ಸಾಮಾನ್ಯವಾಗಿ ಅಲ್ಲೇ ಇರುತ್ತೆ. ಶೇರು ಹಂಚಿದ ಪಿಎಎಸ್-3 ಫಾರಂ ತೆಗೆದರೆ ಯಾವ ಸುತ್ತಿನಲ್ಲಿ ಎಷ್ಟು ಬಂತು ಅಂತ ಸಿಗುತ್ತೆ, ಕೂಡಿಸಿ. ಆಮೇಲೆ ಎಚ್‌ಆರ್‌ಗೆ ಮೇಲ್ ಹಾಕಿ, ಮರ್ಚೆಂಟ್ ಬ್ಯಾಂಕರ್ ಕಟ್ಟಿದ ಬೆಲೆ ಎಷ್ಟು, ಕೆಲಸ ಬಿಟ್ಟ ಮೇಲೆ ಎಷ್ಟು ದಿನ ಟೈಮ್ ಇದೆ ಅಂತ ಕೇಳಿ. ನೀವಿನ್ನೂ ಕೆಲಸದಲ್ಲೇ ಇದ್ದೀರಿ, ಈಗಲೇ ಕೊಳ್ಳೋ ಅರ್ಜೆಂಟ್ ಏನೂ ಇಲ್ಲ.

ಆ ಅಂಕಿಗಳು ಸಿಕ್ಕಿದ ಮೇಲೆ ಕಂಪನಿ ಹೆಸರು ಅಳಿಸಿ ಇಲ್ಲೇ ಕೆಳಗೆ ಹಾಕಿ, ಭಾನುವಾರ ಕೂತು ಲೆಕ್ಕ ಹಾಕೋಣ. ಅಲ್ಲಿವರೆಗೆ ಅಪ್ಪನ ಹತ್ತಿರ ಈ ವಿಷಯ ಎತ್ತಬೇಡಿ. ಕೇಳಿದರೆ ಅವರು ಕೊಟ್ಟುಬಿಡ್ತಾರೆ.