ವರ್ಷಗಳಿಂದ ಬ್ರಿಟನ್ನಿನಲ್ಲೇ ಇರುವವರು ‘ಲೈಫ್ ಇನ್ ದಿ ಯುಕೆ’ ಪರೀಕ್ಷೆಗೆ ಇತಿಹಾಸವನ್ನಷ್ಟೇ ಓದಿದರೆ ಸಾಕೇ?

ಸಾಲದು. ಭೂಗೋಳ, ದಿನನಿತ್ಯದ ಜೀವನ, ರಾಷ್ಟ್ರಲಾಂಛನಗಳೆಲ್ಲ ಹೇಗೂ ಕಣ್ಣೆದುರಿಗೇ ಇವೆ, ಆದ್ದರಿಂದ ಇರುವ ಸಮಯವನ್ನೆಲ್ಲ ಇಸವಿಗಳಿಗೆ ಮೀಸಲಿಡುತ್ತೇನೆ ಎಂದು ನೀವು ಬರೆದಿದ್ದೀರಿ. ವೇಲ್ಸ್‌ನ ಕಾರ್ಡಿಫ್‌ನಲ್ಲಿ ನರ್ಸ್ ಆಗಿರುವ ನಾನು, ಖಾಯಂ ವಾಸದ ಅರ್ಜಿಗೆ ಮುನ್ನ ಪಾಸಾಗಬೇಕಾದ ಈ ಪರೀಕ್ಷೆಯಲ್ಲಿ ಇದೇ ಲೆಕ್ಕ ಹಾಕಿ ಫೇಲಾದವಳು. 24 ಪ್ರಶ್ನೆ, 45 ನಿಮಿಷ, 18 ಸರಿಯಾದರೆ ಪಾಸು ಎಂದು ತಿಳಿದಾಗ ಇದೂ ಒಂದು ಪರೀಕ್ಷೆಯೇ ಅನ್ನಿಸಿತ್ತು. ರಾತ್ರಿ ಪಾಳಿ ಮುಗಿಸಿ ಬಂದು 1066ರ ಹೇಸ್ಟಿಂಗ್ಸ್ ಕದನ, 1215ರ ಮ್ಯಾಗ್ನಾ ಕಾರ್ಟಾ, 1588ರಲ್ಲಿ ಸೋತ ಸ್ಪೇನಿನ ನೌಕಾಪಡೆ, ಎಂಟನೇ ಹೆನ್ರಿಯ ಆರು ಹೆಂಡತಿಯರು, ಎಲ್ಲವನ್ನೂ ಮಗ್ಗಿಯಂತೆ ಉರುಹೊಡೆದೆ. ಅಧಿಕೃತ ಕೈಪಿಡಿಯಲ್ಲಿ ಇತಿಹಾಸಕ್ಕೂ ಮೊದಲು, ಯುಕೆ ಎಂದರೆ ಯಾವ ಯಾವ ಭಾಗಗಳು ಎಂದು ವಿವರಿಸುವ ಒಂದು ತೀರ ಚಿಕ್ಕ ಅಧ್ಯಾಯವಿದೆ. ಅದನ್ನು ಓದದೆ ಪುಟ ತಿರುವಿದೆ.

ಆ ಒಂದು ತಪ್ಪನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ನೀವು ಈಗ ಮಾಡಹೊರಟಿರುವುದೂ ಅದನ್ನೇ. ಗೊತ್ತಿಲ್ಲದ ಪ್ರಶ್ನೆಗೆ ಏನೋ ಒಂದನ್ನು ಊಹಿಸಿ ತಪ್ಪಿದ್ದರೆ ನನಗೆ ಅಷ್ಟು ಬೇಸರವಾಗುತ್ತಿರಲಿಲ್ಲ. ಹೊರಗೆ ಬಂದು ಕೈಪಿಡಿ ತೆರೆದು ನೋಡಿದಾಗ ತಪ್ಪಾಗಿ ಕಂಡ ಉತ್ತರಗಳನ್ನೆಲ್ಲ ನಾನು ಪೂರ್ತಿ ಧೈರ್ಯದಿಂದ ಒತ್ತಿ ಬಂದಿದ್ದೆ, ಮತ್ತು ಆ ಧೈರ್ಯವನ್ನು ಕೊಟ್ಟದ್ದು ನನ್ನ ಇಲ್ಲಿನ ವಾಸವೇ. ಸಹೋದ್ಯೋಗಿಯೊಬ್ಬರು ಮೋಟಾರ್‌ಸೈಕಲ್ ರೇಸ್ ನೋಡಲು ಐಲ್ ಆಫ್ ಮ್ಯಾನ್‌ಗೆ ಹೋಗಿದ್ದಾಗ ಪಾಸ್‌ಪೋರ್ಟ್ ಬೇಕಾಗಿರಲಿಲ್ಲವಾದ್ದರಿಂದ, ಅದು ಯುಕೆಯ ಭಾಗವೆಂದೇ ನಾನು ನಂಬಿದ್ದೆ. ವಾಸ್ತವದಲ್ಲಿ ಆ ದ್ವೀಪವಾಗಲಿ, ಜೆರ್ಸಿ, ಗರ್ನ್ಸಿ ಮುಂತಾದ ಚಾನಲ್ ದ್ವೀಪಗಳಾಗಲಿ ಯುಕೆಗೆ ಸೇರಿಲ್ಲ. ಅವು ತಮ್ಮದೇ ಸರ್ಕಾರವುಳ್ಳ, ಬ್ರಿಟಿಷ್ ರಾಜಮನೆತನಕ್ಕೆ ಅಧೀನವಾದ ಪ್ರದೇಶಗಳು. ಹಾಗೆಯೇ ಸ್ಕಾಟ್ಲೆಂಡಿನ ಬ್ಯಾಂಕೊಂದರ ನೋಟನ್ನು ನಮ್ಮ ಬೀದಿಯ ಅಂಗಡಿಯವನು ಒಮ್ಮೆ ವಾಪಸು ಕೊಟ್ಟಿದ್ದನ್ನು ನೆನೆದು, ಅದು ಸ್ಕಾಟ್ಲೆಂಡಿನ ಹೊರಗೆ ನಡೆಯುವುದಿಲ್ಲ ಎಂಬ ಉತ್ತರವನ್ನು ಆರಿಸಿದೆ. ಆ ನೋಟು ಇಡೀ ಯುಕೆಯಲ್ಲಿ ನಡೆಯುತ್ತದೆ, ಆದರೆ ಅಂಗಡಿಯವರು ಅದನ್ನು ತೆಗೆದುಕೊಳ್ಳಲೇಬೇಕೆಂಬ ಕಡ್ಡಾಯವಿಲ್ಲ ಎನ್ನುತ್ತದೆ ಕೈಪಿಡಿ.

ಧ್ವಜದ ವಿಷಯದಲ್ಲಂತೂ ನನ್ನ ಬಗ್ಗೆ ನನಗೇ ನಗು ಬರುತ್ತದೆ. ವೇಲ್ಸ್‌ನಲ್ಲಿ ಅದರ ಧ್ವಜದ ಕೆಂಪು ಡ್ರ್ಯಾಗನ್ ಇಲ್ಲದ ಜಾಗವಿಲ್ಲ; ರಗ್ಬಿ ಪಂದ್ಯದ ದಿನ ಅದು ಮಕ್ಕಳ ಕೆನ್ನೆಯ ಮೇಲೂ ಇರುತ್ತದೆ. ಮಾರ್ಚ್ 1, ಅಂದರೆ ವೇಲ್ಸ್‌ನ ಪೋಷಕ ಸಂತನಾದ ಸೇಂಟ್ ಡೇವಿಡ್‌ನ ದಿನದಂದು, ನಮ್ಮ ವಾರ್ಡಿನಲ್ಲಿದ್ದ ಅಜ್ಜಿಯೊಬ್ಬರು ಬೆಳಗಿನ ಮಾತ್ರೆಗೂ ಮೊದಲು ನೈಟ್‌ಗೌನಿನ ಕೊರಳಿಗೆ ಡ್ಯಾಫೋಡಿಲ್ ಹೂವನ್ನು ಪಿನ್ನು ಹಾಕಿ ಸಿಕ್ಕಿಸಿಕೊಡುವಂತೆ ನನ್ನನ್ನೇ ಕೇಳಿದ್ದರು. ಇಷ್ಟೆಲ್ಲ ಅಭಿಮಾನವುಳ್ಳ ನಾಡಿಗೆ ಯುಕೆಯ ರಾಷ್ಟ್ರಧ್ವಜವಾದ ಯೂನಿಯನ್ ಧ್ವಜದಲ್ಲಿ ಜಾಗವಿರದೆ ಹೋದೀತೇ ಎಂದುಕೊಂಡೆ. ಇಲ್ಲ. ಅದರಲ್ಲಿರುವುದು ಮೂರೇ ಶಿಲುಬೆಗಳು: ಇಂಗ್ಲೆಂಡಿನ ಸೇಂಟ್ ಜಾರ್ಜ್‌ನ ಬಿಳಿಯ ಮೇಲಿನ ಕೆಂಪು ಶಿಲುಬೆ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂನ ನೀಲಿಯ ಮೇಲಿನ ಬಿಳಿ ಓರೆ ಶಿಲುಬೆ, ಐರ್ಲೆಂಡಿನ ಸೇಂಟ್ ಪ್ಯಾಟ್ರಿಕ್‌ನ ಬಿಳಿಯ ಮೇಲಿನ ಕೆಂಪು ಓರೆ ಶಿಲುಬೆ. 1606ರಲ್ಲಿ ಮೊದಲ ಧ್ವಜ ರೂಪುಗೊಂಡಾಗ ವೇಲ್ಸ್ ಆಗಲೇ ಇಂಗ್ಲೆಂಡಿನೊಂದಿಗೆ ಸೇರಿಹೋಗಿತ್ತು. ಐರ್ಲೆಂಡಿನ ಶಿಲುಬೆ ಸೇರಿ ಈಗಿನ ರೂಪ ಬಂದದ್ದು 1801ರಲ್ಲಿ. ವೇಲ್ಸನ್ನು ಇಂಗ್ಲೆಂಡಿನ ಅರಸರಿಗೆ ಅಧೀನಗೊಳಿಸಿದ 1284ರ ರುಡ್ಲಾನ್ ಶಾಸನ ನನಗೆ ಬಾಯಿಪಾಠವಾಗಿತ್ತು, ಎಂಟನೇ ಹೆನ್ರಿಯ ಕಾಲದಲ್ಲಿ ಆ ಸೇರ್ಪಡೆ ಪೂರ್ಣಗೊಂಡದ್ದೂ ಗೊತ್ತಿತ್ತು, ಆದರೂ ಆ ಇಸವಿಗಳಿಗೂ ಆಸ್ಪತ್ರೆಯ ಎದುರಿನ ಕಂಬದ ಮೇಲೆ ಹಾರಾಡುವ ಬಟ್ಟೆಗೂ ಸಂಬಂಧವಿದೆಯೆಂದು ಹೊಳೆಯಲಿಲ್ಲ.

ಆದ್ದರಿಂದ ಇತಿಹಾಸ ಕಷ್ಟ, ಉಳಿದದ್ದು ಸುಲಭ ಎಂಬ ನಿಮ್ಮ ವಿಂಗಡಣೆಯನ್ನೇ ನಾನು ಒಪ್ಪುವುದಿಲ್ಲ. ನೀವು ಬಾಳುತ್ತಿರುವುದು ನಾಲ್ಕು ನಾಡುಗಳ ಪೈಕಿ ಒಂದರಲ್ಲಿ, ಬಹುಶಃ ಅದರ ಒಂದೇ ಊರಿನಲ್ಲಿ. ಪರೀಕ್ಷೆ ಕೇಳುವುದು ನಾಲ್ಕರ ಬಗ್ಗೆಯೂ. ಸೇಂಟ್ ಡೇವಿಡ್ ದಿನಕ್ಕೆ ಇಲ್ಲಿ ರಜೆಯಿಲ್ಲದ್ದನ್ನು ಕಂಡು ಯಾವ ಸಂತನ ದಿನಕ್ಕೂ ರಜೆಯಿಲ್ಲವೆಂದು ನಾನು ತೀರ್ಮಾನಿಸಿದ್ದೆ. ಇಂಗ್ಲೆಂಡಿನಲ್ಲಿ ಸೇಂಟ್ ಜಾರ್ಜ್ ದಿನವಾದ ಏಪ್ರಿಲ್ 23ಕ್ಕೂ ರಜೆಯಿಲ್ಲ, ನಿಜ. ಆದರೆ ಉತ್ತರ ಐರ್ಲೆಂಡಿನಲ್ಲಿ ಸೇಂಟ್ ಪ್ಯಾಟ್ರಿಕ್ ದಿನವಾದ ಮಾರ್ಚ್ 17 ಮತ್ತು ಸ್ಕಾಟ್ಲೆಂಡಿನಲ್ಲಿ ಸೇಂಟ್ ಆಂಡ್ರ್ಯೂ ದಿನವಾದ ನವೆಂಬರ್ 30 ಅಧಿಕೃತ ರಜಾದಿನಗಳು.

ಈ ಪಾಠಕ್ಕೆ ನಾನು ತೆತ್ತದ್ದು ಪರೀಕ್ಷೆಯ 50 ಪೌಂಡ್ ಮಾತ್ರವಾಗಿದ್ದರೆ ಮರೆಯಬಹುದಿತ್ತು. ಮತ್ತೆ ಬರೆಯಲು ಕನಿಷ್ಠ ಏಳು ದಿನ ಕಾಯಬೇಕು, ಪಾಳಿ ಬದಲಿಸಿಕೊಳ್ಳಲು ವಾರ್ಡಿನಲ್ಲಿ ಒಬ್ಬರನ್ನು ಕಾಡಿ ಬೇಡಬೇಕು, ನನ್ನ ಜೊತೆಗೇ ಹೋಗಬೇಕಿದ್ದ ಗಂಡನ ಅರ್ಜಿಯನ್ನೂ ತಡೆಹಿಡಿಯಬೇಕು. ಅಷ್ಟರಲ್ಲಿ ಏಪ್ರಿಲ್ ಬಂದು ಇಬ್ಬರ ಅರ್ಜಿಯ ಶುಲ್ಕವೂ ಏರಿತ್ತು.

ನನ್ನ ಸಲಹೆಯೆಂದರೆ, ಇಸವಿಗಳ ಪಟ್ಟಿಯನ್ನು ಸದ್ಯಕ್ಕೆ ಮುಚ್ಚಿಟ್ಟು ಖಾಲಿ ನಕ್ಷೆಯೊಂದನ್ನು ಮುಂದಿಟ್ಟುಕೊಳ್ಳಿ. ಗ್ರೇಟ್ ಬ್ರಿಟನ್ ಎಂದರೆ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮಾತ್ರ. ಉತ್ತರ ಐರ್ಲೆಂಡ್ ಸೇರಿದರೆ ಯುಕೆ. ಉತ್ತರದ ಜಾನ್ ಓ ಗ್ರೋಟ್ಸ್‌ನಿಂದ ನೈಋತ್ಯದ ಲ್ಯಾಂಡ್ಸ್ ಎಂಡ್‌ವರೆಗೆ ಗೆರೆ ಎಳೆದು, ರಸ್ತೆಯ ದೂರ ಸುಮಾರು 870 ಮೈಲಿ, ಅಂದರೆ ಸುಮಾರು 1,400 ಕಿಲೋಮೀಟರ್, ಎಂದು ಬರೆದುಕೊಳ್ಳಿ. ಪ್ರತಿ ನಾಡಿನ ಕೆಳಗೆ ರಾಜಧಾನಿ, ಸಂತ, ಅವನ ದಿನ, ಹೂವು ಅಥವಾ ಗಿಡ, ನೋಡತಕ್ಕ ಜಾಗಗಳನ್ನು ನಿಮ್ಮ ಕೈಯಾರೆ ತುಂಬಿಸಿ: ಇಂಗ್ಲೆಂಡಿಗೆ ಗುಲಾಬಿ ಮತ್ತು ವಿಂಡರ್‌ಮಿಯರ್ ಸರೋವರ, ಸ್ಕಾಟ್ಲೆಂಡಿಗೆ ಮುಳ್ಳಿನ ಥಿಸಲ್ ಮತ್ತು ಲಾಕ್ ಲೋಮಂಡ್, ವೇಲ್ಸ್‌ಗೆ ಡ್ಯಾಫೋಡಿಲ್ ಮತ್ತು ಸ್ನೋಡೋನಿಯ, ಉತ್ತರ ಐರ್ಲೆಂಡಿಗೆ ಶ್ಯಾಮ್‌ರಾಕ್ ಮತ್ತು ಜೈಂಟ್ಸ್ ಕಾಸ್‌ವೇ. ಇತಿಹಾಸ ಆಮೇಲೆ ಬರಲಿ. ಅಣಕು ಪ್ರಶ್ನೆಗಳ ಆ್ಯಪ್‌ಗಳನ್ನು ಕೊನೆಯ ವಾರಕ್ಕಿಂತ ಮೊದಲು ಮುಟ್ಟಬೇಡಿ; ಅಲ್ಲಿ ಪ್ರಶ್ನೆಯ ಚಹರೆ ನೆನಪಿಗೆ ಹತ್ತುತ್ತದೆಯೇ ಹೊರತು ವಿಷಯ ತಲೆಗೆ ಹೋಗುವುದಿಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಊರಿನ ಹೆಸರು, ತಂದೆಯ ಹೆಸರುಗಳನ್ನು ಒಮ್ಮೆ ಇನಿಷಿಯಲ್ ಆಗಿ, ಒಮ್ಮೆ ಪೂರ್ತಿಯಾಗಿ ಬರೆಯುವ ಅಭ್ಯಾಸ ನಮ್ಮಲ್ಲಿದೆ. ಬುಕಿಂಗ್‌ನಲ್ಲಿರುವ ಹೆಸರು ನೀವು ತೋರಿಸುವ ಗುರುತಿನ ದಾಖಲೆಯೊಂದಿಗೆ ಅಕ್ಷರಕ್ಕಕ್ಷರ ಹೊಂದದಿದ್ದರೆ ಒಳಗೇ ಬಿಡುವುದಿಲ್ಲ, ಹಣವೂ ಹಿಂದಿರುಗುವುದಿಲ್ಲ. ಪಾಸಾದ ಮೇಲೆ ಕೊಡುವ ಸಂಖ್ಯೆಗೆ ಅವಧಿ ಮುಗಿಯುವುದೆಂಬುದಿಲ್ಲ. ಖಾಯಂ ವಾಸದ ಅರ್ಜಿಗೆ ಬಳಸಿದ್ದನ್ನೇ ಮುಂದೆ ಪೌರತ್ವದ ಅರ್ಜಿಗೂ ಬರೆಯಬಹುದಾದ್ದರಿಂದ, ಇಮೇಲಿನಲ್ಲಿ ಬಂದ ದಿನವೇ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ.